ಗೊತ್ತಿದ್ದವರು ಅಲ್ಲೇ ನಿಂತಿದ್ದರು

2005ರ ಮಾರ್ಚ್ 29, ಮಂಗಳವಾರ. ಇಂಗ್ಲೆಂಡಿನ ಒಂದು ಖಾಸಗಿ ಆಸ್ಪತ್ರೆ. ಬೆಳಿಗ್ಗೆ 8.35. ನೀವು ಯಾರ ಕಾಲಿಗೂ ಸಿಗದಂತೆ ಗೋಡೆಗೆ ಅಂಟಿ ನಿಂತಿದ್ದೀರಿ. ಎದುರಿಗೆ ಮಲಗಿರುವವರು ಎಲೇನ್ ಬ್ರೊಮಿಲಿ, 37 ವರ್ಷ, ಇಬ್ಬರು ಮಕ್ಕಳ ತಾಯಿ. ಬಹುಕಾಲದ ಸೈನಸ್ ತೊಂದರೆಗೆ ಇಂದು ಆಪರೇಷನ್. ಅರಿವಳಿಕೆಯ ಔಷಧ ರಕ್ತಕ್ಕಿಳಿದಿದೆ, ಎಚ್ಚರ ತಪ್ಪಿದೆ. ಇನ್ನು ಗಂಟಲೊಳಗೆ ಉಸಿರಿನ ಮಾಸ್ಕ್ ಕೂರಿಸಬೇಕು.

ಅದು ಕೂರುತ್ತಿಲ್ಲ.

ಬೇರೆ ಅಳತೆಯದನ್ನು ತರುತ್ತಾರೆ. ಅದೂ ಇಲ್ಲ. ಮಾನಿಟರ್ ನೋಡಿ: ರಕ್ತದ ಆಮ್ಲಜನಕ 75ಕ್ಕೆ ಇಳಿದಿದೆ. 90ಕ್ಕಿಂತ ಕೆಳಗೆ ಹೋದರೇ ಆತಂಕ ಪಡುವ ಅಂಕಿ ಅದು. ಇನ್ನೆರಡು ನಿಮಿಷದಲ್ಲಿ 40. ಎಲೇನ್ ಮುಖ ನೀಲಿಗಟ್ಟಿದೆ. ಎರಡನೆಯ ಅರಿವಳಿಕೆ ತಜ್ಞರು ಧಾವಿಸಿದ್ದಾರೆ, ಕಿವಿ-ಮೂಗು-ಗಂಟಲಿನ ಸರ್ಜನ್ ಕೂಡ ಬಂದಿದ್ದಾರೆ. ಮೂವರೂ ಪಳಗಿದ ಕೈಗಳು. ಮೂವರೂ ತಲೆ ಬಗ್ಗಿಸಿ ಅದೇ ಗಂಟಲಿನೊಳಗೆ ನಳಿಕೆ ತೂರಿಸಲು ಹೆಣಗುತ್ತಿದ್ದಾರೆ.

ನಳಿಕೆಯೂ ಹೋಗುತ್ತಿಲ್ಲ, ಗಾಳಿಯೂ ಹೋಗುತ್ತಿಲ್ಲ ಎಂದಾಗ ಮಾಡಬೇಕಾದ್ದೇನೆಂದು ವೈದ್ಯಶಾಸ್ತ್ರ ಸ್ಪಷ್ಟವಾಗಿ ಹೇಳಿದೆ: ಕತ್ತಿನ ಮುಂಭಾಗದಿಂದ ಶ್ವಾಸನಾಳಕ್ಕೆ ದಾರಿ ಮಾಡಬೇಕು. ಈಗ ಬಾಗಿಲ ಕಡೆ ತಿರುಗಿ. ಒಬ್ಬ ನರ್ಸ್ ಯಾರೂ ಕೇಳದೆಯೇ ಟ್ರೇಕಿಯೋಸ್ಟಮಿ ಸೆಟ್ ತರಿಸಿದ್ದಾರೆ. ಸೆಟ್ ಸಿದ್ಧವಿದೆ ಎಂದು ವೈದ್ಯರಿಗೆ ಹೇಳಿಯೂ ಹೇಳುತ್ತಾರೆ. ಯಾರೂ ತಲೆ ಎತ್ತುವುದಿಲ್ಲ. ಮತ್ತೊಬ್ಬ ನರ್ಸ್ ಎಲೇನ್ ಬಣ್ಣ ನೋಡಿದವರೇ ಹೊರಗೆ ಹೋಗಿ ಐಸಿಯುಗೆ ಫೋನ್ ಮಾಡಿ, ಹಾಸಿಗೆ ಇದೆ ಎಂದು ಬಂದು ತಿಳಿಸುತ್ತಾರೆ. ಇಷ್ಟಕ್ಕೆಲ್ಲ ಯಾಕೆ ಗಾಬರಿ ಎಂಬಂತೆ ವೈದ್ಯರು ಅವರತ್ತ ನೋಡುತ್ತಾರೆ. ಆ ನರ್ಸ್ ಮತ್ತೆ ಹೋಗಿ ಹಾಸಿಗೆ ಬೇಡವೆನ್ನುತ್ತಾರೆ.

ನಿಮಗೆ ಕೂಗಬೇಕೆನಿಸುತ್ತದೆ. ಆದರೆ ಹಿರಿಯ ಡಾಕ್ಟರ ಎದುರು ‘ಸರ್, ಒಂದು ನಿಮಿಷ’ ಎನ್ನಲು ಎಷ್ಟು ಎದೆಗಾರಿಕೆ ಬೇಕೆಂಬುದು ನಮ್ಮೂರ ಓಟಿಯಲ್ಲಿ ದುಡಿದ ಸಿಸ್ಟರ್‌ಗಳಿಗೂ ಗೊತ್ತು.

ಸುಮಾರು 20 ನಿಮಿಷ ಆಮ್ಲಜನಕ 40ರ ಆಸುಪಾಸಿನಲ್ಲೇ ಉಳಿಯಿತು. ಕೊನೆಗೆ ಅಂಕಿ ಮೇಲೇರಿತು, ಆಪರೇಷನ್ ಕೈಬಿಟ್ಟರು. ಎಲೇನ್ ಕಣ್ಣು ತೆರೆಯಲಿಲ್ಲ. ಹದಿಮೂರು ದಿನಗಳ ಬಳಿಕ ತೀರಿಕೊಂಡರು. ಏನು ಮಾಡಬೇಕೆಂದು ತಮಗೆ ಗೊತ್ತಿತ್ತು, ಹೇಗೆ ಹೇಳಬೇಕೆಂದು ಗೊತ್ತಾಗಲಿಲ್ಲ ಎಂದು ನರ್ಸ್‌ಗಳು ವಿಚಾರಣೆಯಲ್ಲಿ ನುಡಿದರು.

ಈ ಮಾತು ನನ್ನನ್ನು ಬಿಡುವುದೇ ಇಲ್ಲ. ಆ ಕೋಣೆಯಲ್ಲಿ ಕೌಶಲವಿತ್ತು, ಉಪಕರಣವಿತ್ತು, ಕಾಳಜಿಯೂ ಇತ್ತು. ಕಿರಿಯರು ಆಡಿದ ಮಾತು ಹಿರಿಯರ ಕಿವಿಗೆ ಬೀಳುವ ಅಭ್ಯಾಸ ಮಾತ್ರ ಇರಲಿಲ್ಲ.

2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಸ್ತ್ರಚಿಕಿತ್ಸೆಗೆಂದೇ 19 ಅಂಶಗಳ ತಪಾಸಣಾ ಪಟ್ಟಿ ತಂದಿತು. ಚರ್ಮಕ್ಕೆ ಚಾಕು ತಾಗಿಸುವ ಮೊದಲು ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬುದು ಅದರಲ್ಲೊಂದು. ಹಲವರಿಗೆ ಇದು ಶಾಲೆಯ ಹಾಜರಿಯಂತೆ ಕಂಡಿತು. ಆದರೆ ಒಮ್ಮೆ ಬಾಯಿ ತೆರೆದವರಿಗೆ ಎರಡನೆಯ ಸಲ ಮಾತಾಡುವುದು ಸುಲಭ. ದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಈ ಪಟ್ಟಿ ಪಾಲಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು. ಅಲ್ಲಿನ ಸಿಬ್ಬಂದಿಯನ್ನು ಕೇಳಿದಾಗ ಶೇ. 20ರಷ್ಟು ಜನ ಇದಕ್ಕೆ ಬಹಳ ಹೊತ್ತು ಹಿಡಿಯುತ್ತದೆ ಎಂದರು. ನಿಮಗೇ ಆಪರೇಷನ್ ಆಗುವುದಾದರೆ? ಶೇ. 93 ಮಂದಿ ಪಟ್ಟಿ ಬೇಕೇ ಬೇಕು ಎಂದರು!

ಎಲೇನ್ ಪತಿ ಮಾರ್ಟಿನ್ ವಿಮಾನದ ಪೈಲಟ್. ಸಹ ಪೈಲಟ್ ಎಚ್ಚರಿಸಿದರೆ ಕ್ಯಾಪ್ಟನ್ ಕಿವಿಗೊಡಲೇಬೇಕೆಂದು ಕಲಿಸುವ ವೃತ್ತಿಯಿಂದ ಬಂದವರು. ಅವರು ಯಾರ ತಲೆದಂಡವನ್ನೂ ಕೇಳಲಿಲ್ಲ, ನಡೆದದ್ದೇನೆಂದು ತಿಳಿಯಬೇಕೆಂದರು. 2007ರಲ್ಲಿ ಈ ಪಾಠವನ್ನು ಆಸ್ಪತ್ರೆಗಳಿಗೆ ಒಯ್ಯಲು ಒಂದು ಗುಂಪು ಕಟ್ಟಿದರು. ಅಂದು ಆ ಕೋಣೆಯಲ್ಲಿದ್ದ ವೈದ್ಯರು ಕೆಲಸಕ್ಕೆ ಮರಳಿದರು. ತಾನು ಬಯಸಿದ್ದೂ ಅದನ್ನೇ ಎಂದು ಮಾರ್ಟಿನ್ ಹೇಳಿದ್ದಾರೆ.