ನಮ್ಮ ಜೀಪಿನ ಡೊಂಕು

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ಅಪ್ಪಣೆ ಮಾಡಿದಾಗ ನನ್ನ ಗೆಳೆಯರು ಬೆಳುದಿಂಗಳು, ಸ್ನೇಹ, ಪರೀಕ್ಷೆಯ ಹಿಂದಿನ ರಾತ್ರಿ ಮುಂತಾದ ವಿಷಯಗಳನ್ನು ತಮ್ಮತಮ್ಮಲ್ಲೇ ಹಂಚಿಕೊಂಡುಬಿಟ್ಟರು. ನನ್ನ ಪಾಲಿಗೆ ಉಳಿದುದು ನಮ್ಮ ಮನೆಯ ಜೀಪು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಗಾಲಿ ನೇರಮಾಡುವ ಗೊಡವೆ ಏಕೆಂದು ವಾಚಕರು ಕೇಳಬಹುದು. ಆ ಮೂರನ್ನೂ ನನಗೆ ಓದಿಸುತ್ತಿರುವುದು ಆ ಜೀಪೇ ಎಂಬುದಷ್ಟೆ ನನ್ನ ಉತ್ತರ.

ನಮ್ಮ ತಂದೆಯವರು ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಕರನ್ನು ಕರೆದೊಯ್ಯುತ್ತಾರೆ. ನಾಲ್ಕನೆಯ ತರಗತಿಯವರೆಗೆ ಓದಿದವರು. ಬೆಟ್ಟ 1,343 ಮೀಟರ್ ಎತ್ತರ. ಮೂಲ ಮೂಕಾಂಬಿಕೆಯ ಗುಡಿಯ ತನಕ ಜೀಪು, ಅಲ್ಲಿಂದ ಸರ್ವಜ್ಞಪೀಠಕ್ಕೆ ಕಾಲುನಡಿಗೆ. ಕೇರಳದಿಂದ ಬರುವ ಭಕ್ತರೇ ಹೆಚ್ಚು. ಡಾಂಬರು ಮುಗಿದ ಮೇಲಿನ ದಾರಿಯನ್ನು ದಾರಿ ಎಂದು ಕರೆಯುವುದು ಒಂದು ಸೌಜನ್ಯ. ಪ್ರತಿ ಮಳೆಗಾಲದಲ್ಲೂ ಮಣ್ಣು ತೊಳೆದುಹೋಗಿ, ಕಲ್ಲುಗಳು ಹಲ್ಲು ಕಿರಿದುಕೊಂಡು ನಿಲ್ಲುತ್ತವೆ. ನಮ್ಮದು ಹಳೆಯ ಮಹೀಂದ್ರ ಜೀಪು. ಎರಡನೆಯ ಮಹಾಯುದ್ಧದಲ್ಲಿ ಓಡಾಡಿದ ವಿಲ್ಲಿಸ್ ಜೀಪಿನ ವಂಶದ್ದು. ಮುಂದೆಯೂ ಹಿಂದೆಯೂ ತೊಲೆಯಂಥ ಗಟ್ಟಿ ಆಕ್ಸಲ್, ಅವನ್ನು ಹೊತ್ತ ಪ್ಲೇಟು ಸ್ಪ್ರಿಂಗುಗಳು. ಬಿಚ್ಚಲು ಸುಲಭ, ಜೋಡಿಸಲು ಸುಲಭ ಎಂದು ಅಪ್ಪನಿಗೆ ಅದರ ಮೇಲೆ ಅಭಿಮಾನ.

2024ರ ಮಳೆ ಮುಗಿದಾಗ ಎರಡು ಗಾಲಿಜಾಡುಗಳ ನಡುವಿನ ದಿಬ್ಬ ಎಷ್ಟು ಎತ್ತರವಾಗಿತ್ತೆಂದರೆ, ಡಿಫರೆನ್ಷಿಯಲ್ಲಿನ ಹೊಟ್ಟೆ ಕಲ್ಲಿಗೆ ತಾಗದೆ ಒಂದು ಸಲವೂ ಮೇಲೆ ಹೋಗಲಾಗಲಿಲ್ಲ. ಅಪ್ಪ ದೊಡ್ಡ ಟೈರು ಹಾಕಿಸಿದರು. ಅಗಲದಲ್ಲಿ ಎರಡಿಂಚು ದೊಡ್ಡದಲ್ಲ, ಎತ್ತರದಲ್ಲಿ. ಆದುದರಿಂದ ಆಕ್ಸಲ್ ಒಂದಿಂಚು ಮೇಲೆದ್ದಿತು. ಟೈರು ಮಡ್‌ಗಾರ್ಡಿಗೆ ಉಜ್ಜತೊಡಗಿದಾಗ, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ಲುಗಳನ್ನು ತೆಗೆದು ಎರಡಿಂಚು ಉದ್ದದವನ್ನು ಹಾಕಿಸಿದರು. ಇಲ್ಲಿ ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ಹುಬ್ಬು ಗಂಟಿಕ್ಕುವರೆಂದು ಬಲ್ಲೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಇಂಥ ಬದಲಾವಣೆಗಳನ್ನು ಒಪ್ಪುವಂಥದಲ್ಲ. ನಾನು ಸಮರ್ಥಿಸುತ್ತಿಲ್ಲ, ನಡೆದುದನ್ನು ಹೇಳುತ್ತಿದ್ದೇನೆ.

ಕಲ್ಲುದಾರಿಯಲ್ಲಿ ಜೀಪು ಆನೆಯಂತೆ ಹತ್ತಿತು. ತೊಂದರೆ ಶುರುವಾದುದು ನಾಗೋಡಿಯ ಡಾಂಬರಿನ ಮೇಲೆ. ಸ್ಟೇರಿಂಗ್ ತಿರುಗಿಸಿದರೆ ತಾನಾಗಿ ಹಿಂದಕ್ಕೆ ಬಾರದು. ನೇರ ಹಿಡಿದರೂ ಜೀಪು ಸಂತೆಯಿಂದ ಮರಳುವ ಕುಡುಕನ ಹಾಗೆ ಅತ್ತಿತ್ತ ಹೊರಳುವುದು. ಒಂದು ಗುಂಡಿಗೆ ಬಿದ್ದರೆ ಮುಂದಿನ ಎರಡು ಗಾಲಿಗಳೂ ಗಡಗಡ ನಡುಗುವುವು. ಸಂಜೆ ಮನೆಗೆ ಬಂದ ಅಪ್ಪನಿಗೆ ಊಟದ ತಟ್ಟೆ ಹಿಡಿಯಲು ತೋಳು ಏಳುತ್ತಿರಲಿಲ್ಲ.

ಪೇಟೆಯ ಒಂದು ಅಂಗಡಿಗೆ ಒಯ್ದರು. ಅಲ್ಲಿ ಕಂಪ್ಯೂಟರಿನ ಯಂತ್ರ, ಗಾಲಿಗಳಿಗೆ ಕಟ್ಟುವ ಕನ್ನಡಿಗಳು, ಗೋಡೆಯ ಮೇಲೆ ಹಸುರು ಕೆಂಪು ಅಂಕೆಗಳು. ಹುಡುಗರು ಟೈ ರಾಡನ್ನು ಅರ್ಧ ಸುತ್ತು ತಿರುಗಿಸಿ, ಎರಡು ಅಂಕೆಗಳು ಹಸುರಾದವೆಂದು ತೋರಿಸಿ, ಮಿಕ್ಕ ಕೆಂಪು ಅಂಕೆಗಳಿಗೆ "ಇದರಲ್ಲಿ ಅಡ್ಜಸ್ಟ್ ಇಲ್ಲ" ಎಂದು ಹೇಳಿ ಹಣ ತೆಗೆದುಕೊಂಡರು. ಅವರು ಹೇಳಿದುದು ಸುಳ್ಳಲ್ಲ. ಗಟ್ಟಿ ಆಕ್ಸಲ್ಲಿನ ಜೀಪಿನಲ್ಲಿ ತಿರುಪಿನಿಂದ ಸರಿಮಾಡಬಹುದಾದುದು ಗಾಲಿಗಳ ಮೂತಿ ಒಳಮುಖವೋ ಹೊರಮುಖವೋ ಎಂಬುದೊಂದನ್ನೇ. ಅದಕ್ಕೆ ಟೋ ಎನ್ನುತ್ತಾರೆ. ನಮ್ಮ ಕಾಯಿಲೆ ಇದ್ದುದು ಬೇರೆ ಕಡೆ.

ಸೈಕಲ್ಲಿನ ಮುಂದಿನ ಫೋರ್ಕನ್ನು ವಾಚಕರು ಜ್ಞಾಪಿಸಿಕೊಳ್ಳಬೇಕು. ಅದು ನೆಟ್ಟಗೆ ನಿಂತಿರುವುದಿಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ. ಆ ವಾಲಿದ ಗೆರೆಯನ್ನು ನೆಲದವರೆಗೆ ಎಳೆದರೆ ಟೈರು ನೆಲ ಮುಟ್ಟುವ ಜಾಗಕ್ಕಿಂತ ತುಸು ಮುಂದೆ ಬೀಳುತ್ತದೆ. ಹಗ್ಗ ಹಿಡಿದು ಮುಂದೆ ನಡೆಯುವವನ ಹಿಂದೆ ಕರು ಬರುವಂತೆ ಟೈರು ಆ ಬಿಂದುವಿನ ಹಿಂದೆ ಬರುತ್ತದೆ. ಆದ್ದರಿಂದಲೇ ಕೈಬಿಟ್ಟರೂ ಸೈಕಲ್ಲು ನೇರ ಹೋಗುವುದು. ಜೀಪಿನ ಗಾಲಿ ತಿರುಗುವ ಕಿಂಗ್ ಪಿನ್ನಿಗೂ ಇದೇ ವಾಲು ಬೇಕು. ಇದರ ಹೆಸರು ಕ್ಯಾಸ್ಟರ್. ನಮ್ಮಂಥ ಜೀಪಿಗೆ ಸುಮಾರು 3 ಡಿಗ್ರಿ.

ಈ 3 ಡಿಗ್ರಿ ಎಲ್ಲಿ ಹೋಯಿತು? ನಮ್ಮ ಜೀಪಿನ ಮುಂದಿನ ಸ್ಪ್ರಿಂಗಿಗೆ ಶ್ಯಾಕಲ್ ಇರುವುದು ಮುಂದಿನ ತುದಿಯಲ್ಲಿ. ಹಿಂದಿನ ತುದಿ ಚಾಸಿಗೆ ಭದ್ರ. ಮುಂದಿನ ತುದಿ ಎರಡಿಂಚು ಕೆಳಗೆ ಜೋತಾಗ ಜೀಪು ಒಂದಿಂಚು ಎದ್ದಿತೇನೋ ನಿಜ, ಆದರೆ ಇಡೀ ಸ್ಪ್ರಿಂಗು ಮೂತಿ ತಗ್ಗಿಸಿ, ತನಗೆ ಬಿಗಿದಿದ್ದ ಆಕ್ಸಲ್ಲನ್ನೂ ಮುಂದಕ್ಕೆ ಬಾಗಿಸಿತು. ಸ್ಪ್ರಿಂಗಿನ ಉದ್ದ ಅಳೆದೆ: 36 ಇಂಚು. ಮೂವತ್ತಾರಕ್ಕೆ ಎರಡಿಂಚಿನ ಇಳಿಜಾರು. ಹೈಸ್ಕೂಲಿನ ತ್ರಿಕೋನಮಿತಿ ಅಂದು ಮೊದಲ ಬಾರಿಗೆ ನನ್ನ ಉಪಯೋಗಕ್ಕೆ ಬಂದಿತು: 3 ಡಿಗ್ರಿಗಿಂತ ಕೂದಲೆಳೆ ಹೆಚ್ಚು. ಹಳೆಯ ಕಂಪಾಸು ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೊಂದು ನಟ್ಟು ತೂಗುಬಿಟ್ಟು, ಗಾರೆ ಕೆಲಸದವರಿಂದ ರಸಮಟ್ಟ ತಂದು, ಅಡಿಕೆ ಒಣಗಿಸುವ ಅಂಗಳದಲ್ಲಿ ಸಮನಾದ ಜಾಗ ಹುಡುಕಿ ಜೀಪು ನಿಲ್ಲಿಸಿದೆವು. ಕಿಂಗ್ ಪಿನ್ನಿನ ಮುಚ್ಚಳದ ಮೇಲೆ ಅಡ್ಡಪಟ್ಟಿಯಿಟ್ಟು ನೋಡಿದರೆ ಎಡಕ್ಕೂ ಬಲಕ್ಕೂ ಹೆಚ್ಚುಕಡಮೆ ಸೊನ್ನೆ. ಲೆಕ್ಕವೂ ಅಳತೆಯೂ ಕೂಡಿಕೊಂಡ ಆ ಗಳಿಗೆಯಲ್ಲಿ ನನಗಾದ ಹಿಗ್ಗು ಮೊದಲನೆಯ ವರ್ಷದ ಫಲಿತಾಂಶ ಬಂದ ದಿನವೂ ಆಗಿರಲಿಲ್ಲ. ಅಪ್ಪ ಮಾತಾಡಲಿಲ್ಲ. ಆದರೆ ಒಳಗೆ ಹೋಗಿ ಅಮ್ಮನಿಗೆ ಏನೋ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ನನಗೊಬ್ಬನಿಗೇ ಕಾಫಿ ಬಂದಿತು.

ಮದ್ದು ಸರಳ. ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಕಬ್ಬಿಣದ ಬೆಣೆ ಇಟ್ಟು ಆಕ್ಸಲ್ಲಿನ ತಲೆಯನ್ನು ಹಿಂದಕ್ಕೆ ವಾಲಿಸುವುದು. ನಾಲ್ಕಿಂಚಿನ ಬೆಣೆಯಲ್ಲಿ ಒಂದು ತುದಿ ಇನ್ನೊಂದಕ್ಕಿಂತ 5 ಮಿಲಿಮೀಟರ್ ದಪ್ಪವಿದ್ದರೆ 3 ಡಿಗ್ರಿ. ಚಿತ್ರ ಬರೆದುಕೊಟ್ಟೆ, ಲೇತಿನವರು ಎರಡು ಬೆಣೆ ಕಡೆದು, ನಡುವಿನ ಬೋಲ್ಟಿಗೆ ತೂತು ಕೊರೆದುಕೊಟ್ಟರು. ದಪ್ಪ ತುದಿ ಎತ್ತ ಇರಬೇಕು ಎಂದು ಒಬ್ಬ ಲಾರಿ ಮೇಸ್ತ್ರಿಯವರನ್ನು ಕೇಳಿದೆ. "ಯಾವಾಗಲೂ ಹಿಂದಕ್ಕೆ" ಎಂದರು. ಮೂವತ್ತು ವರ್ಷ ಲಾರಿ ಬಿಚ್ಚಿದವರು. ನಾನು ಅದನ್ನು ನೋಟ್ಸಿನಂತೆ ಬರೆದುಕೊಂಡು ಬಂದೆ, ನೋಟ್ಸಿನಂತೆಯೇ ಮರುಯೋಚನೆ ಮಾಡದೆ ಒಪ್ಪಿಸಿದೆ. ಅಪ್ಪ ಒಮ್ಮೆ ಬೆಣೆಯನ್ನು ಕೈಯಲ್ಲಿ ತಿರುವಿ ನೋಡಿ, "ಹೌದನಾ? ಹಿಂದಕ್ಕೇ?" ಎಂದರು. "ಹೌದಪ್ಪ, ಲೆಕ್ಕ ಮಾಡಿದೇನೆ" ಎಂದೆ. ಲೆಕ್ಕ ಮಾಡಿದ್ದುದು ದಪ್ಪವನ್ನು, ದಿಕ್ಕನ್ನಲ್ಲ. ಅಪ್ಪ ಯು ಬೋಲ್ಟು ಬಿಗಿದರು.

ಮರುದಿನ ಬೆಳಗ್ಗೆ ಇಬ್ಬರೇ ನಿಟ್ಟೂರಿನ ಕಡೆ ಹೊರಟೆವು. ಯಾತ್ರಿಕರನ್ನು ಕೂರಿಸಿಕೊಳ್ಳುವ ಮುನ್ನ ಖಾಲಿ ಓಡಿಸಿ ನೋಡಬೇಕೆಂಬುದು ಅಪ್ಪನ ನಿಯಮ. ಅದೊಂದು ನಮ್ಮನ್ನು ಕಾಯಿತು. ಮೊದಲ ಎಡತಿರುವಿನಲ್ಲಿ ಸ್ಟೇರಿಂಗ್ ಹಿಂದಕ್ಕೆ ಬರುವುದಿರಲಿ, ತಾನಾಗಿಯೇ ಇನ್ನಷ್ಟು ಎಡಕ್ಕೆ ಎಳೆದುಕೊಂಡಿತು. ಅಪ್ಪ ಎರಡೂ ತೋಳು ಹಾಕಿ ತಿರುಚಿದರು, ಬ್ರೇಕು ಒತ್ತಿದರು. ಜೀಪು ಚರಂಡಿಗೆ ಒಂದು ಗಾಲಿ ಇಳಿಸಿ, ಧರೆಗೆ ಬಂಪರು ಊರಿ ನಿಂತಿತು. ಅದು ಬಲತಿರುವಾಗಿದ್ದಿದ್ದರೆ ಆ ಕಡೆ ಧರೆಯಿರಲಿಲ್ಲ, ಕಣಿವೆಯಿತ್ತು.

ಅಪ್ಪ ಬಯ್ಯುವರೆಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು. "ಇಳಿ ಮಾರಾಯ" ಎಂದಷ್ಟೇ ಹೇಳಿ, ಜೀಪಿನಡಿ ನುಸುಳಿ ಮಲಗಿ, ಬಹಳ ಹೊತ್ತು ಮೇಲೆ ನೋಡುತ್ತಿದ್ದರು. ನಾನು ಚರಂಡಿಯ ಅಂಚಿನಲ್ಲಿ ಕೂತು, ನಾಳೆ ಜೀಪು ಓಡದಿದ್ದರೆ ಆಗುವ ನಷ್ಟವನ್ನು ಮನಸ್ಸಿನಲ್ಲೇ ಕೂಡಿಸುತ್ತಿದ್ದೆ. ಕೊನೆಗೆ ಅಡಿಯಿಂದಲೇ ಧ್ವನಿ ಬಂದಿತು: "ಆ ಲಾರಿಯಲ್ಲಿ ಪ್ಲೇಟು ಎಲ್ಲಿರ್ತದೆ? ಆಕ್ಸಲ್ಲಿನ ಮೇಲೋ ಕೆಳಗೋ?"

"ಮೇಲೆ."

"ನಮ್ಮದು ಕೆಳಗಲ್ಲನಾ?"

ಅಷ್ಟೇ. ಲಾರಿಯಲ್ಲಿ ಆಕ್ಸಲ್ಲಿನ ಬೆನ್ನ ಮೇಲೆ ಸ್ಪ್ರಿಂಗು ಕೂರುತ್ತದೆ. ಬೆಣೆಯ ದಪ್ಪ ಹಿಂದಿದ್ದರೆ ಅದು ಆಕ್ಸಲ್ಲಿನ ಹಿಂಬದಿಯನ್ನು ಕೆಳಕ್ಕೆ ಒತ್ತಿ ತಲೆಯನ್ನು ಹಿಂದಕ್ಕೆ ವಾಲಿಸುತ್ತದೆ. ನಮ್ಮ ಜೀಪಿನಲ್ಲಿ ಸ್ಪ್ರಿಂಗಿನ ಮೇಲೆ ಆಕ್ಸಲ್ ಕೂರುತ್ತದೆ. ಅದೇ ಬೆಣೆ ಹಿಂಬದಿಯನ್ನು ಮೇಲೆತ್ತಿ ತಲೆಯನ್ನು ಮುಂದಕ್ಕೆ ದಬ್ಬುತ್ತದೆ. ಸೊನ್ನೆಯಿದ್ದುದನ್ನು ನಾನು ಸೊನ್ನೆಗಿಂತ 3 ಡಿಗ್ರಿ ಕೆಳಗಿಳಿಸಿದ್ದೆ. ಮೇಸ್ತ್ರಿಯವರು ಹೇಳಿದುದು ಅವರ ಲಾರಿಯ ಮಟ್ಟಿಗೆ ಸರಿಯೇ.

ನಡೆಯುವವರ ವೇಗದಲ್ಲಿ ಜೀಪನ್ನು ಮನೆಗೆ ತಂದು ಬೆಣೆ ತಿರುಗಿಸಿದೆವು. ಕೋನಮಾಪಕ 3 ತೋರಿಸಿತು. ಆದರೆ ಓಡಿಸಿದಾಗ ಮುಂದಿನ ಪ್ರೊಪೆಲ್ಲರ್ ಶ್ಯಾಫ್ಟಿನಿಂದ ಒಂದು ಗುಂಯ್ ಎಂಬ ಸದ್ದು. ಆಕ್ಸಲ್ಲಿನ ತಲೆ ಹಿಂದಕ್ಕೆ ವಾಲಿದರೆ ಅದರ ಮೂತಿ ನೆಲದತ್ತ ಬಾಗುತ್ತದೆ, ಶ್ಯಾಫ್ಟಿನ ಗಂಟು ಹೆಚ್ಚು ಮಡಚಿಕೊಳ್ಳುತ್ತದೆ. ನಾನು ಪುಸ್ತಕದ 3 ಬೇಕೆಂದೆ. ಅಪ್ಪ ಬೆಣೆಯನ್ನು ಲೇತಿಗೆ ಒಯ್ದು ಒಂದೂವರೆ ಮಿಲಿಮೀಟರ್ ತೆಗೆಸಿಕೊಂಡು ಬಂದರು. 2 ಡಿಗ್ರಿಗೆ ಸದ್ದು ಅಡಗಿತು, ಜೀಪೂ ನೇರ ಹೋಯಿತು. ಈ ಸಲ ನಾನು ವಾದಿಸಲಿಲ್ಲ.

ಟೋ ಕೊನೆಗೆ ನೋಡಬೇಕಾದುದು. ಕ್ಯಾಸ್ಟರ್ ಬದಲಾದರೆ ಅದೂ ತುಸು ಸರಿಯುತ್ತದೆ. ಗಾಲಿ ಎತ್ತಿ ತಿರುಗಿಸುತ್ತ ಟೈರಿನ ನಡುವೆ ಸೀಮೆಸುಣ್ಣದ ಗೆರೆ ಎಳೆದೆವು. ಇಳಿಸಿ, ಸ್ವಲ್ಪ ಮುಂದಕ್ಕೆ ತಳ್ಳಿ, ಟೇಪಿನ ಒಂದು ತುದಿ ಅಪ್ಪನ ಕೈಲಿ, ಇನ್ನೊಂದು ನನ್ನ ಕೈಲಿ. ಗೆರೆಗಳ ನಡುವಿನ ಅಂತರ ಹಿಂದಿಗಿಂತ ಮುಂದೆ 2 ಮಿಲಿಮೀಟರ್ ಕಡಮೆ ಬರುವತನಕ ಟೈ ರಾಡು ತಿರುಗಿಸಿದೆವು. ಟೇಪು ಹಿಡಿದ ಅಪ್ಪನ ಕೈ ಕಲ್ಲಿನಂತೆ ನಿಲ್ಲುತ್ತಿತ್ತು, ನಡುಗುತ್ತಿದ್ದುದು ನನ್ನದು.

ಆ ಸಂಜೆ ನಾಗೋಡಿಯ ಇಳಿಜಾರು ಮುಗಿದ ಮೇಲೆ ನೇರ ರಸ್ತೆಯಲ್ಲಿ ಅಪ್ಪ ಒಂದು ಕ್ಷಣ ಎರಡೂ ಕೈ ಸ್ಟೇರಿಂಗಿನಿಂದ ಮೇಲೆತ್ತಿ ನನ್ನತ್ತ ನೋಡಿದರು. ಜೀಪು ತನ್ನ ಪಾಡಿಗೆ ಹೋಯಿತು.

ಮತ್ತೊಮ್ಮೆ ಬಿಚ್ಚುವವರಿಗೆ ತಿಳಿಯಲೆಂದು ಚಾಸಿಯ ಒಳಬದಿಯಲ್ಲಿ ಬಿಳಿ ಬಣ್ಣದಿಂದ "ದಪ್ಪ ತುದಿ ಮುಂದೆ" ಎಂದು ಅಂದವಾಗಿ ಬರೆದೆ. ಅಪ್ಪ ಓದಿದರು, ತಲೆಯಾಡಿಸಿದರು. ಆಮೇಲೆ, "ಗ್ಯಾರೇಜಿಗೆ ಬಂದಿರುವ ಹೊಸ ಹುಡುಗನಿಗೆ ಕನ್ನಡ ಬರುದಿಲ್ಲ" ಎಂದು ಕುಂಚ ತೆಗೆದುಕೊಂಡು ನನ್ನ ಅಕ್ಷರಗಳ ಕೆಳಗೆ ಒಂದು ಬಾಣ ಎಳೆದರು.