ಮಾಡಿನ ಲೆಕ್ಕ

ತೀರ್ಥಹಳ್ಳಿಯ ಆ ಮನೆಯ ನಡುಮನೆಯಲ್ಲಿ ಆರು ಮಳೆಗಾಲಗಳಿಂದ ಒಂದು ತಾಮ್ರದ ಚರಿಗೆಗೆ ಖಾಯಂ ಸ್ಥಾನ ದೊರೆತಿತ್ತು. ಮೃಗಶಿರಾ ಮಳೆ ಕಾಲಿಡುವ ಮುನ್ನವೇ ಮನೆಯೊಡತಿ ಅದನ್ನು ಅಟ್ಟದಿಂದಿಳಿಸಿ ಗೊತ್ತಾದ ಜಾಗದಲ್ಲಿ ಇರಿಸುವರು. ನಿವೃತ್ತ ಉಪಾಧ್ಯಾಯರಾದ ಯಜಮಾನರು ಅದರ ಪಕ್ಕದಲ್ಲೇ ಆರಾಮಕುರ್ಚಿ ಎಳೆದುಕೊಂಡು ಓದುತ್ತ ಕುಳಿತಿರುವರು. ತೊಟ್ಟಿಕ್ಕುವ ಸದ್ದು ಅವರಿಗೆ ಗೋಡೆಗಡಿಯಾರದ ಸದ್ದಿನಷ್ಟೇ ಒಗ್ಗಿಹೋಗಿತ್ತು. "ಹತ್ತು ಹೆಂಚು ಒಡೆದಿರಬಹುದು, ಬೇಸಿಗೆಯಲ್ಲಿ ನೋಡೋಣ" ಎಂಬುದು ಪ್ರತಿವರ್ಷದ ನಿರ್ಣಯ. ಬೇಸಿಗೆ ಬಂದೊಡನೆ ಸೋರುವುದು ತಾನಾಗಿಯೇ ನಿಲ್ಲುತ್ತಿದ್ದುದರಿಂದ ನಿರ್ಣಯವೂ ಅದರೊಡನೆಯೇ ಒಣಗಿಹೋಗುತ್ತಿತ್ತು.

ಏಳನೆಯ ವರ್ಷದ ಮಾಘಮಾಸದಲ್ಲಿ, ಮಳೆಯ ಸುಳಿವೇ ಇಲ್ಲದ ಒಂದು ಮಧ್ಯಾಹ್ನ, ಗೋಡೆಯ ನೆತ್ತಿಯಿಂದ ಬೊಗಸೆಯಷ್ಟು ಮಣ್ಣು ಉದುರಿ ಪುಸ್ತಕದ ಬೀರುವಿನ ಮೇಲೆ ಬಿದ್ದಿತು. ಅಂದು ಸಂಜೆ ಬಡಗಿಗೆ ಹೇಳಿಕಳುಹಿಸಿದರು.

ಮೇಷ್ಟರಲ್ಲಿ ಲೆಕ್ಕ ಸಿದ್ಧವಾಗಿತ್ತು. ಮನೆ ಮೂವತ್ತಡಿಗೆ ನಲವತ್ತಡಿ. ಅಂದರೆ 1,200 ಚದರಡಿ. ನೆರೆಯವರು ಹೆಂಚು ಕೈಯಾಡಿಸುವುದಕ್ಕೆ ಚದರಡಿಗೆ ಐವತ್ತು ರೂಪಾಯಿ ಕೊಟ್ಟರೆಂದು ಕೇಳಿದ್ದರು. ಅರವತ್ತು ಸಾವಿರಕ್ಕೆ ಒಂದು ಕಾಸೂ ಹೆಚ್ಚಾಗಲಾರದು! ಆಚಾರಿ ತಲೆ ತುರಿಸಿಕೊಂಡು, "ಮೇಷ್ಟ್ರೇ, ನೀವು ನೆಲ ಅಳೆದಿರಿ. ನಾನು ಹತ್ತಬೇಕಾದ್ದು ಮಾಡು" ಎಂದನು.

ಮಾತು ನಿಜವಾಗಿತ್ತು. ಸೂರು ಗೋಡೆಯಿಂದಾಚೆಗೆ ನಾಲ್ಕು ಕಡೆಗೂ ಎರಡೆರಡು ಅಡಿ ಚಾಚಿಕೊಂಡಿತ್ತು; ಆದುದರಿಂದ ಮೂವತ್ತು ನಲವತ್ತಲ್ಲ, ಮೂವತ್ತನಾಲ್ಕು ನಲವತ್ತನಾಲ್ಕು. ಅದರ ಮೇಲೆ ಇಳಿಜಾರು. ಮೂವತ್ತು ಡಿಗ್ರಿ ಇಳಿಜಾರಿನ ಮಾಡು ತಾನು ಮುಚ್ಚುವ ನೆಲಕ್ಕಿಂತ ನೂರಕ್ಕೆ ಹದಿನೈದರಷ್ಟು ದೊಡ್ಡದು. ಎಲ್ಲವನ್ನೂ ಗುಣಿಸಿದಾಗ 1,700 ಚದರಡಿಯನ್ನೂ ಮೀರಿತು. ಮೂವತ್ತು ವರ್ಷ ಮಕ್ಕಳಿಗೆ ಲಂಬಕೋನ ತ್ರಿಭುಜವನ್ನು ಬೋಧಿಸಿದ್ದ ಮೇಷ್ಟರು ತಮ್ಮ ತಲೆಯ ಮೇಲೆಯೇ ಇದ್ದ ಕರ್ಣವನ್ನು ಮರೆತಿದ್ದರು.

ಚದರ ಮೀಟರಿಗೆ ಸುಮಾರು ಹದಿನೈದು ಹೆಂಚಿನಂತೆ ಆ ಮಾಡಿನ ಮೇಲೆ ಎರಡು ಸಾವಿರದ ನಾನೂರು ಮಂಗಳೂರು ಹೆಂಚುಗಳಿದ್ದುವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು, ನೇತ್ರಾವತಿಯ ದಡದ ಜೇಡಿಯನ್ನು ಅಚ್ಚಿಗೆ ಒತ್ತಿ ಸುಡತೊಡಗಿದ ಮೇಲೆ, ವರ್ಷವರ್ಷವೂ ಹುಲ್ಲು ಸೋಗೆ ಹೊದಿಸುವ ಕಷ್ಟದಿಂದ ಪಾರಾದ ಮನೆಗಳು ಕರಾವಳಿಯಲ್ಲೂ ಮಲೆನಾಡಿನಲ್ಲೂ ಎಷ್ಟೋ! ಒಳ್ಳೆಯ ಹೆಂಚು ಎರಡು ತಲೆಮಾರನ್ನು ನಿರಾಯಾಸವಾಗಿ ಕಾಣುತ್ತದೆ. ಆಚಾರಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ ನೋಡಿದನು. ಕಂಚಿನಂತೆ ಕಣಕಣಿಸಿದುದು ಒಂದು ಕಡೆಗೆ, ಬಿರುಕುಬಿಟ್ಟು ಬೊದ್ದು ಸದ್ದು ಕೊಟ್ಟುದು ಇನ್ನೊಂದು ಕಡೆಗೆ. ಹತ್ತರಲ್ಲಿ ಎಂಟು ಗಟ್ಟಿಯಾಗಿದ್ದುವು.

ಹಾಗಾದರೆ ಖರ್ಚೆಲ್ಲಿ? ಹೆಂಚಿನ ಕೆಳಗೆ. ಒಡೆದ ಹೆಂಚಿನಿಂದ ಇಳಿದ ನೀರು ನೇರವಾಗಿ ಚರಿಗೆಗೆ ಬೀಳುವಷ್ಟು ವಿಧೇಯವಲ್ಲ. ಅದು ರೀಪಿನ ಮೇಲೆ ಹರಿದು, ಪಕಾಸಿಯ ಬೆನ್ನನ್ನು ಹಿಡಿದು ಇಳಿದು, ಎಲ್ಲೋ ಒಂದು ಗಂಟು ಸಿಕ್ಕಿದ ಕಡೆ ತೊಟ್ಟಿಕ್ಕುತ್ತದೆ. ನಡುಮನೆಯಲ್ಲಿ ಸೋರುತ್ತಿದ್ದ ನೀರಿನ ಮೂಲ ಆರಡಿ ಮೇಲೆ, ನೆತ್ತಿಯ ಹತ್ತಿರವಿತ್ತು. ಚರಿಗೆಗೆ ಬಿದ್ದುದು ಉಳಿಕೆ ಮಾತ್ರ. ಹೆಚ್ಚಿನ ಪಾಲನ್ನು ಮರ ಕುಡಿದಿತ್ತು. ಒದ್ದೆಯಾದ ಮರಕ್ಕೆ ಗೆದ್ದಲು ಹತ್ತಿತ್ತು. ಒಂದು ಮಗ್ಗುಲಿನ ರೀಪುಗಳು ಬೆರಳಿಗೆ ಪುಡಿಯಾದುವು. ಏಳು ಪಕಾಸಿಗಳ ತುದಿ ಹೋಗಿತ್ತು. ಗೋಡೆಯ ನೆತ್ತಿಯ ಮಣ್ಣು ಕರಗಿ ಅವುಗಳಿಗೆ ಊರಲು ನೆಲೆಯಿರಲಿಲ್ಲ. ಒಂದಂಗುಲ ಮಳೆ ಬಂದರೆ ಅಂಥ ಮಾಡಿನ ಮೇಲೆ ಮೂರೂವರೆ ಸಾವಿರ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ತೀರ್ಥಹಳ್ಳಿಯ ಆಷಾಢದಲ್ಲಿ ಒಂದಂಗುಲವನ್ನು ಯಾರೂ ಮಳೆಯೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಆಚಾರಿ ಚೀಟಿ ಬರೆದುಕೊಟ್ಟನು: ಒಂದೂವರೆ ಲಕ್ಷ. ಅದರಲ್ಲಿ ಹೊಸ ಹೆಂಚಿನ ಪಾಲು ಎಲ್ಲಕ್ಕಿಂತ ಕಡಿಮೆ. ಮರ ಮತ್ತು ಕೂಲಿಯದೇ ದೊಡ್ಡ ಮೊತ್ತ.

ಬೆಂಗಳೂರಿನ ಮಗ ದೂರವಾಣಿಯಲ್ಲಿ ಹೇಳಿದನು: "ಅಪ್ಪಯ್ಯ, ಈ ಹೆಂಚಿನ ಗೋಳೇ ಬೇಡ. ತಾರಸಿ ಹಾಕಿಸಿಬಿಡಿ." ಮೇಷ್ಟರ ಮನಸ್ಸೂ ಒಂದು ದಿನ ಅತ್ತ ವಾಲಿತು. ಆದರೆ ನಾಲ್ಕಂಗುಲ ದಪ್ಪದ ಕಾಂಕ್ರೀಟು ಆ ಮನೆಯ ಮೇಲೆ 28 ಟನ್ ತೂಗುತ್ತದೆ. ಹೆಂಚುಗಳೆಲ್ಲ ಸೇರಿ ತೂಗುವುದು ಆರು ಟನ್. ಅಜ್ಜನ ಕಾಲದ ಮಣ್ಣಿನ ಗೋಡೆ ಆ ಭಾರಕ್ಕೆ ಕಟ್ಟಿದ್ದಲ್ಲ. ತಾರಸಿಯೆಂದರೆ ಗೋಡೆಯೂ ಹೊಸದು, ಪಾಯವೂ ಹೊಸದು, ಮನೆಯೇ ಹೊಸದು. ಮೇಲಾಗಿ ತಾರಸಿ ಸೋರುವುದಿಲ್ಲವೆಂದು ಯಾರು ಹೇಳಿದರು? ಅದರ ಬಿರುಕಿನೊಳಕ್ಕೆ ನೀರಿಳಿದು ಕಬ್ಬಿಣಕ್ಕೆ ತುಕ್ಕು ಹಿಡಿದರೆ, ಆ ತುಕ್ಕೇ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ತಗಡಿನ ಮಾತನ್ನು ಮನೆಯೊಡತಿಯೇ ತಳ್ಳಿಹಾಕಿದರು: ಬೇಸಿಗೆಯಲ್ಲಿ ಕಾವಲಿ, ಮಳೆಯಲ್ಲಿ ನಗಾರಿ.

ಹಣದ ಪ್ರಶ್ನೆ ಉಳಿಯಿತು. ಮೇಷ್ಟರಲ್ಲಿದ್ದುದು ಅರವತ್ತು ಸಾವಿರ. "ಅರ್ಧ ಮಾಡಿಸೋಣವೇ?" ಎಂದರು. ಆಚಾರಿ ಬೇಡವೆಂದನು: ಎರಡು ಸಲ ಇಳಿಸಿ ಏರಿಸಿದರೆ ಒಡೆಯುವ ಹೆಂಚೂ ಎರಡು ಪಟ್ಟು, ಕೂಲಿಯೂ ಎರಡು ಪಟ್ಟು, ರೋಹಿಣಿ ಮಳೆ ಹತ್ತಿರ ಬಂದಮೇಲೆ ಕೇಳಿದಷ್ಟು ಕೊಟ್ಟರೂ ಆಳು ಸಿಕ್ಕದು. ಆ ರಾತ್ರಿ ಊಟವಾದ ಮೇಲೆ ಅವರ ಪತ್ನಿ ಅಂಚೆ ಕಚೇರಿಯ ಪುಸ್ತಕವನ್ನು ತಂದು ಎಲೆಯಡಿಕೆಯ ತಟ್ಟೆಯ ಪಕ್ಕದಲ್ಲಿಟ್ಟರು. ಹಪ್ಪಳ ಸಂಡಿಗೆ ಮಾರಿ ಒಂಬತ್ತು ವರ್ಷದಿಂದ ಕಾಶಿಯಾತ್ರೆಗೆಂದು ಕೂಡಿಸಿದ ಹಣ.

"ಅದು ನಿನ್ನ ಕಾಶಿಯದು" ಎಂದರು ಮೇಷ್ಟರು.

"ಗಂಗೆ ಆರು ವರ್ಷದಿಂದ ಮನೆಗೇ ಬರುತ್ತಿದ್ದಾಳೆ. ಮೊದಲು ಅವಳನ್ನು ಹೊರಗೆ ಕಳುಹಿಸಿ."

ಮೇಷ್ಟರಿಗೆ ನಗಲಾಗಲಿಲ್ಲ. ಮಲಗುವ ಮುಂಚೆ ಖರ್ಚಿನ ಪುಸ್ತಕವನ್ನು ತೆರೆದು, ಮೊದಲನೆಯ ವರ್ಷವೇ ಆಚಾರಿಯನ್ನು ಕರೆಸಿದ್ದರೆ ಏನಾಗುತ್ತಿತ್ತೆಂದು ಬರೆದರು: ಹೆಂಚು ಹತ್ತು, ಅರ್ಧ ದಿನದ ಕೂಲಿ, ಕಾಫಿ. ಅದರ ಕೆಳಗೆ ಇನ್ನೊಂದು ಬಾಬ್ತು: ಕಾಶಿ, ಸಾಲ, ತೊಂಬತ್ತು ಸಾವಿರ.

ಕೆಲಸ ಹದಿನಾಲ್ಕು ದಿನ ನಡೆಯಿತು. ಬೇರೆ ಬೇರೆ ಕಾರ್ಖಾನೆಯ ಹೆಂಚುಗಳ ತೋಡು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲ. ಆದುದರಿಂದ ಹಳೆಯ ಗಟ್ಟಿ ಹೆಂಚುಗಳನ್ನೆಲ್ಲ ಮುಂದಿನ ಮಗ್ಗುಲಿಗೆ ಕೂಡಿಸಿ, ಹೊಸವನ್ನು ಹಿತ್ತಿಲ ಕಡೆಯ ಮಾಡಿನ ಒಂದು ಪಟ್ಟಿಗೆ ಹೊದಿಸಿದರು. ಹಿಂದಿನಿಂದ ನೋಡಿದರೆ ಮನೆ ತೇಪೆ ಹಾಕಿದ ಪಂಚೆಯಂತೆ ಕಾಣುತ್ತಿತ್ತು. ಅಡುಗೆಮನೆಯ ಮೇಲೆ ಒಂದು ಗಾಜಿನ ಹೆಂಚನ್ನು ಕೂರಿಸಬೇಕೆಂದು ಮನೆಯೊಡತಿ ಹೇಳಿದಾಗ ಯಾರೂ ಬೆಲೆಯನ್ನು ಕೇಳಲಿಲ್ಲ.

ಜೂನ್ ಎರಡನೆಯ ವಾರ ಮಳೆ ಹಿಡಿಯಿತು. ರಾತ್ರಿಯೆಲ್ಲ ಇಬ್ಬರೂ ಎಚ್ಚರವಿದ್ದು ಮಾಡಿನ ಮೇಲಣ ಸದ್ದನ್ನು ಕೇಳಿದರು. ಬೆಳಗ್ಗೆ ನೋಡಿದರೆ, ಚರಿಗೆ ಯಥಾಸ್ಥಾನದಲ್ಲಿತ್ತು. ಒಳಗೆ ಒಂದು ಹನಿಯಿಲ್ಲ. ಮೇಷ್ಟರು ಅದನ್ನೆತ್ತಿ ಅಟ್ಟಕ್ಕೆ ಸಾಗಿಸಲು ಹೊರಟರು.

"ಅಲ್ಲೇ ಇರಲಿ" ಎಂದರು ಮನೆಯೊಡತಿ, ಗಾಜಿನ ಹೆಂಚಿನ ಕೆಳಗಿನ ಬೆಳಕಿನಲ್ಲಿ ಅಕ್ಕಿ ಆರಿಸುತ್ತ. "ಆರಿದ್ರಾ ಕಳೆಯಲಿ."