ಬಿಸಿಲಿಗೆ ಮುನಿಯೋ ಹೋಂಡಾ ಮತ್ತು ಕಮಲಾಪುರದ ದಾರಿ

ನಮ್ಮ ಶಹಾಬಜಾರದ ಓಣಿಯಲ್ಲಿ ಎರಡು ಕಾರು ಎದುರುಬದುರಾದರೆ ಒಂದು ಹಿಂದೆ ಸರಿಯಲೇಬೇಕು. ಅಂಥ ಓಣಿಯಲ್ಲಿ ಹುಟ್ಟಿದ ನನಗೆ ಕಾಲೇಜಿನ ದಿನಗಳಿಂದಲೂ ನಿಸಾನ್ ಸ್ಕೈಲೈನ್ ಜಿಟಿ-ಆರ್ ಹುಚ್ಚು. 1999ರಿಂದ 2002ರವರೆಗೆ ಬಂದ ಆರ್34 ಮಾದರಿ, 2.6 ಲೀಟರ್ ಎಂಜಿನ್, ಎರಡು ಟರ್ಬೊ. ಪಿಡಿಎ ಕಾಲೇಜಿನ ಲ್ಯಾಬಿನಲ್ಲಿ ಪ್ರೋಗ್ರಾಂ ಬರೆಯೋದು ಬಿಟ್ಟು ಅದರ ವಿಡಿಯೋ ನೋಡುತ್ತಿದ್ದೆ.

ಕೆಲಸ ಸಿಕ್ಕ ಮೇಲೆ ನಿಯಮ ಓದಿದೆ. ಅಮೆರಿಕದವರು 25 ವರ್ಷ ದಾಟಿದ ಜಪಾನಿ ಕಾರನ್ನು ಆರಾಮಾಗಿ ತರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಅದರ ಉಲ್ಟಾ. ಬಳಸಿದ ಕಾರು ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೇರಿಂಗ್ ಬಲಗಡೆ ಇರಬೇಕು, ಮೇಲೆ ಕಾರಿನ ಬೆಲೆಯನ್ನೇ ಮೀರುವ ತೆರಿಗೆ. ತೀರಾ ಹಳೆಯ ವಿಂಟೇಜ್ ಕಾರಿಗೆ ಬಾಗಿಲು ತೆರೆದಿದೆ. 2025ರ ಫೆಬ್ರವರಿಯಿಂದ 50 ವರ್ಷ ದಾಟಿದ್ದನ್ನು ತರಬಹುದು. ಅಂದರೆ ನನ್ನ ಸ್ಕೈಲೈನ್ ಭಾರತಕ್ಕೆ ಬರೋ ಹೊತ್ತಿಗೆ ನನಗೆ ಐವತ್ತೈದು ದಾಟಿರುತ್ತದೆ.

ಹಾಗಾಗಿ ಇಲ್ಲೇ ಸಿಗುವ ಜಪಾನಿ ಹುಚ್ಚನ್ನು ಹುಡುಕಿದೆ. 1998ರಲ್ಲಿ ಭಾರತಕ್ಕೆ ಬಂದ ಮೊದಲ ಹೋಂಡಾ ಸಿಟಿಗೆ 2000ದಲ್ಲಿ 1.5 ಲೀಟರಿನ ವಿಟೆಕ್ ಎಂಜಿನ್ ಹಾಕಿದ್ದರು, 106 ಅಶ್ವಶಕ್ತಿ. 2003ರಲ್ಲಿ ಹೊಸ ಸಿಟಿ ಬಂದಾಗ ಶಕ್ತಿ 77ಕ್ಕೆ ಇಳಿಯಿತು, ಮೈಲೇಜ್ ಏರಿತು. ಮನೆತನದವರು ಖುಷಿಪಟ್ಟರು, ನಮ್ಮಂಥವರು ಹಳೆಯದನ್ನೇ ಹುಡುಕುತ್ತ ಕೂತೆವು. 2023ರ ಡಿಸೆಂಬರಿನಲ್ಲಿ ನನಗೊಂದು 2002ರ ಗಾಡಿ ಸಿಕ್ಕಿತು. ಒಂದು ಲಕ್ಷ ಅರವತ್ತು ಸಾವಿರ. ಅವ್ವ ಕೇಳಿದ್ದು ಒಂದೇ ಮಾತು: “ಇಷ್ಟು ರೊಕ್ಕಕ್ಕ ಹೊಸಾ ಸ್ಕೂಟರ್ ಬರ್ತಿತ್ತಲ್ಲೋ, ಇದರಾಗ ಏನ್ ಅದ?”

ಇದರಾಗ ಏನ್ ಅದ ಅಂತ ಹೇಳಬೇಕಾದರೆ ಹುಮನಾಬಾದ್ ರಸ್ತೆಗೆ ಹೋಗಬೇಕು. ರಿಂಗ್ ರೋಡ್ ದಾಟಿ ಊರು ಮುಗಿದರೆ ಎರಡೂ ಕಡೆ ಕರಿ ಎರೆಭೂಮಿ, ತೊಗರಿ ಹೊಲ. ಮಹಾಗಾಂವ್ ಕ್ರಾಸಿನ ಚಹಾ, ಕುರಿಕೋಟಾ ಸೇತುವೆಯ ಕೆಳಗೆ ಬೆಣ್ಣೆತೊರೆ. ಆಮೇಲೆ ನಿಧಾನಕ್ಕೆ ಮಣ್ಣು ಕೆಂಪಾಗುತ್ತದೆ, ಕಮಲಾಪುರ ಬಂತು ಅಂತ. ಈ ದಾರಿಯಲ್ಲಿ ಎಂಜಿನ್ ಸುಮಾರು ಐದು ಸಾವಿರ ಸುತ್ತು ದಾಟಿದಾಗ ಆಯಿಲ್ ಒತ್ತಡ ಒಂದು ಸಣ್ಣ ಪಿನ್ನನ್ನು ನೂಕುತ್ತದೆ. ವಾಲ್ವುಗಳು ಇನ್ನೂ ಹೆಚ್ಚು, ಇನ್ನೂ ಹೊತ್ತು ತೆರೆಯುತ್ತವೆ. ದನಿಯೇ ಬದಲಾಗುತ್ತದೆ. ಸುಮ್ಮನೆ ಮಾತಾಡುತ್ತಿದ್ದವರು ಒಮ್ಮೆಲೇ ಹಾಡೋಕೆ ಶುರು ಮಾಡಿದ ಹಾಗೆ. (ಅವ್ವನಿಗೆ ಇದನ್ನು ವಿವರಿಸಿದೆ. “ಜ್ವಾಳದ ಗಿರಣಿಯೂ ಹಂಗೇ ಮಾಡ್ತದ” ಅಂದಳು.)

ಸಾಕುವುದು ಬೇರೆ ಕತೆ. ನಮ್ಮ ಉಸ್ತಾದ್ ಮೊದಲ ದಿನವೇ ಬಾನೆಟ್ ಎತ್ತಿ, “ತಮ್ಮಾ, ಈ ಇಂಜಿನ್ ಉಲ್ಟಾ ತಿರಗ್ತದ, ಗೊತ್ತದೇನ್?” ಅಂದರು. ನಿಜ. ಆ ಕಾಲದ ಹೋಂಡಾ ಎಂಜಿನ್ನುಗಳು ಬೇರೆ ಕಾರಿಗಿಂತ ವಿರುದ್ಧ ದಿಕ್ಕಿಗೆ ತಿರುಗುತ್ತವೆ. ಗೊತ್ತಿಲ್ಲದವರು ಟೈಮಿಂಗ್ ಬೆಲ್ಟ್ ಹಾಕುವಾಗ ಎಡವುತ್ತಾರೆ, ಆ ಬೆಲ್ಟ್ ಹರಿದರೆ ಪಿಸ್ಟನ್ನು ಹೋಗಿ ವಾಲ್ವಿಗೆ ಬಡಿಯುತ್ತದೆ. ಹಿಂದಿನ ಮಾಲೀಕರ ಹತ್ತಿರ ಬೆಲ್ಟ್ ಬದಲಿಸಿದ ಬಿಲ್ ಇರಲಿಲ್ಲ. ಹಳೇ ಕಾರಿನಲ್ಲಿ ಬಿಲ್ ಇಲ್ಲ ಅಂದರೆ ಕೆಲಸ ಆಗಿಲ್ಲ ಅಂತಲೇ ಲೆಕ್ಕ. ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಗೆಳೆಯನೊಬ್ಬ ಬಸ್ಸಿಗೆ ಹಾಕಿ ಕಳಿಸಿದ. ಇ20 ಪೆಟ್ರೋಲಿನ ಭಯಕ್ಕೆ ಹಳೆಯ ರಬ್ಬರ್ ಪೈಪುಗಳನ್ನೂ ತೆಗೆಸಿದೆ. ನಾಲ್ಕು ತಿಂಗಳಲ್ಲಿ ಐವತ್ತೆರಡು ಸಾವಿರ ಹೋಯಿತು. ಮನೆಯಲ್ಲಿ ಹೇಳಿದ್ದು ಇಪ್ಪತ್ತು.

2024ರ ಮೇ ತಿಂಗಳು. ಕಮಲಾಪುರದಲ್ಲಿರುವ ಸೋದರತ್ತೆಯನ್ನು ನೋಡಿ ಬರೋಣ ಅಂತ ಅಪ್ಪ ಹೊರಟರು. ಅವರಿಗೆ ಸ್ಟೆಂಟ್ ಹಾಕಿ ಆಗ ಆರು ತಿಂಗಳು. “ಮಧ್ಯಾಹ್ನ ಮನೀಗಿ ಬಂದೇ ಬರ್ತೀವಲ್ಲ” ಅಂತ ಗುಳಿಗೆ ಡಬ್ಬಿ ಮನೆಯಲ್ಲೇ ಬಿಟ್ಟಿದ್ದರು. ಹೋಗುವಾಗ ಗಾಡಿ ಕುದುರೆ. ಅತ್ತೆಯ ಮನೆಯಲ್ಲಿ ಊಟ, ಡಿಕ್ಕಿಗೆ ಕೆಂಪು ಬಾಳೆಯ ಗೊನೆ. ಕಮಲಾಪುರದ ಕೆಂಪು ಬಾಳೆಗೆ ಜಿಐ ಮಾನ್ಯತೆ ಇದೆ. ಬೇರೆ ಬಾಳೆ ಸುಮಾರು ವರ್ಷದಲ್ಲಿ ಕೈಗೆ ಬಂದರೆ ಇದು ಒಂದೂವರೆ ವರ್ಷ ಕಾಯಿಸುತ್ತದೆ. ಎರಡು ಗಂಟೆಗೆ ಬಂದು ಕೀಲಿ ತಿರುವಿದರೆ ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯಲ್ಲ. ಹತ್ತು ಸಲ, ಇಪ್ಪತ್ತು ಸಲ. ಸೀಟು ಮುಟ್ಟಿದರೆ ಕೈ ಸುಡುತ್ತಿತ್ತು. ಅಪ್ಪ ಬೇವಿನ ಮರದ ಕೆಳಗೆ ನಿಂತು ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ.

ಕೊನೆಗೆ ಗಾಡಿ ಅಲ್ಲೇ ಬಿಟ್ಟು ಬಸ್ ಹತ್ತಿದೆವು. ಅಪ್ಪನಿಗೆ ಸೀಟು ಸಿಕ್ಕಿತು, ನಾನು ಗೊನೆ ಹಿಡಿದು ನಿಂತಿದ್ದೆ. ಮನೆ ಮುಟ್ಟಿ ಗುಳಿಗೆ ನುಂಗಿದ ಮೇಲೆ ಅವರು ಮೆಲ್ಲಗೆ ಕೇಳಿದರು: “ನಡುರಾತ್ರಿ ನನಗ ಏನರೆ ಆದ್ರ, ಈ ಗಾಡಿ ನಂಬಿ ದವಾಖಾನಿಗಿ ಒಯ್ತಿ ಏನ್?”

ಉತ್ತರ ಇರಲಿಲ್ಲ. ಸಂಜೆ ವಾಪಸ್ ಹೋದರೆ ಗಾಡಿ ಒಂದೇ ಕೀಲಿಗೆ ಎದ್ದಿತು, ಏನೂ ಆಗಿಲ್ಲ ಅನ್ನೋ ಹಾಗೆ.

ಆ ಮೇಲೆ ಪ್ಲಗ್ ಬದಲಿಸಿದೆವು, ಫ್ಯೂಯೆಲ್ ಫಿಲ್ಟರ್ ಬದಲಿಸಿದೆವು, ಡಿಸ್ಟ್ರಿಬ್ಯೂಟರ್ ಕ್ಯಾಪ್ ಬದಲಿಸಿದೆವು. ಮತ್ತೆ ಎರಡು ಸಲ ಕೈಕೊಟ್ಟಿತು. ನನಗೆ ನನ್ನ ಮೇಲೇ ಸಿಟ್ಟು. ಆಫೀಸಿನಲ್ಲಿ ಯಾರಾದರೂ ಲಾಗ್ ನೋಡದೆ ಕೋಡ್ ಬದಲಿಸಿದರೆ ನಾನೇ ಬೈಯುತ್ತೇನೆ, ಇಲ್ಲಿ ಮಾಡಿದ್ದು ಅದನ್ನೇ. ಡೈರಿ ಇಟ್ಟೆ: ಹೊತ್ತು, ಬಿಸಿಲು, ಎಷ್ಟು ಹೊತ್ತು ನಿಂತಿತ್ತು, ಕೀಲಿ ಹಾಕಿದಾಗ ಏನು ಕೇಳಿತು. ಈ ಕೊನೆಯದರಲ್ಲಿ ಸುಳಿವು ಇತ್ತು. ಕೀಲಿ ಆನ್ ಮಾಡಿದೊಡನೆ ಹಿಂದಿನ ಪೆಟ್ರೋಲ್ ಟ್ಯಾಂಕಿನಿಂದ ಎರಡು ಸೆಕೆಂಡ್ “ಝುಂಯ್” ಅನ್ನಬೇಕು, ಪಂಪಿನ ದನಿ. ಮುನಿದ ದಿನ ಅದು ಇರುತ್ತಿರಲಿಲ್ಲ. ಕಿಟಕಿ, ಬಾಗಿಲು ತೆಗೆದು ಒಳಗಿನ ಕಾವು ಇಳಿಸಿದರೆ ಮರಳಿ ಬರುತ್ತಿತ್ತು.

ಪಂಪಿಗೆ ಕರೆಂಟ್ ಕೊಡುವುದು ಡ್ಯಾಶ್‌ಬೋರ್ಡಿನ ಕೆಳಗಿರುವ ಮೇನ್ ರಿಲೇ, ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದು. ತೊಂಬತ್ತರ ದಶಕದ ಹೋಂಡಾಗಳಲ್ಲಿ ಇದು ಜಗತ್ತಿಗೆಲ್ಲ ಗೊತ್ತಿರುವ ರೋಗ. ವರ್ಷಗಟ್ಟಲೆ ಕಾದು ತಣಿದು ಬೆಸುಗೆ ಬಿರಿಯುತ್ತದೆ. ತಂಪಿನಲ್ಲಿ ಬಿರುಕು ಕೂಡಿಕೊಂಡಿರುತ್ತದೆ, ಕಾವೇರಿದರೆ ಬಿಡುತ್ತದೆ. ಬಿಸಿಲು 43 ಮುಟ್ಟುವ ನಮ್ಮ ಕಲಬುರಗಿಯಲ್ಲಿ, ಗಾಜು ಮುಚ್ಚಿದ ಕಾರಿನೊಳಗೆ ಪಾಪ ಅದಾದರೂ ಏನು ಮಾಡೀತು?

ರಿಲೇ ಬಿಚ್ಚಿಕೊಂಡು ಟಿವಿ ರಿಪೇರಿ ಅಂಗಡಿಗೆ ಹೋದೆ. ಅಲ್ಲಿನ ಕಾಕಾ ಭೂತಗನ್ನಡಿ ಹಿಡಿದು, “ನೋಡ್ರಿ, ಉಂಗುರ ಬಿದ್ದದ” ಅಂತ ತೋರಿಸಿದರು. ಬೆಸುಗೆಯ ಸುತ್ತ ಕೂದಲೆಳೆಯಂಥ ಕರಿ ಗೆರೆ. ಹಳೇ ಸೀಸ ತೆಗೆದು ಹೊಸದು ಹಾಕಿದರು. ನೂರು ರೂಪಾಯಿ. ಅದಕ್ಕಿಂತ ಮುಂಚೆ ನಾನು ಬದಲಿಸಿದ ಸಾಮಾನಿನ ಲೆಕ್ಕ ಇಲ್ಲಿ ಬರೆಯುವುದಿಲ್ಲ, ಅವ್ವ ಈ ಅಂಕಣ ಓದುತ್ತಾಳೆ.

ಅಷ್ಟರಲ್ಲಿ ಜೂನ್ ಮುಗಿಯುತ್ತ ಬಂದಿತ್ತು, ಮಳೆ ಹಿಡಿದಿತ್ತು. ಅಸಲಿ ಪರೀಕ್ಷೆಗೆ ಮುಂದಿನ ಬೇಸಿಗೆಯೇ ಬೇಕು. ಇಡೀ ವರ್ಷ ಗಾಡಿ ಒಂದು ಸಲವೂ ಕೈಕೊಡಲಿಲ್ಲ. ಆದರೂ ಅಪ್ಪ ಹತ್ತಲಿಲ್ಲ, ಚೆಕಪ್ಪಿಗೆ ಆಟೋದಲ್ಲೇ ಹೋದರು. ನಾನೂ ಒತ್ತಾಯ ಮಾಡಲಿಲ್ಲ. ಈ ಬೇಸಿಗೆಗೆ ಮತ್ತೆ ಮುನಿದರೆ ಮಾರಿಬಿಡುವುದು ಅಂತ ಒಳಗೊಳಗೆ ನಿರ್ಧಾರ ಮಾಡಿದ್ದೆ.

2025ರ ಏಪ್ರಿಲಿನ ಒಂದು ಭಾನುವಾರ ಅಪ್ಪ ತಾವೇ ಅಂದರು, “ನಡೀ, ಅಕ್ಕನ ಮನೀಗಿ ಹೋಗಿ ಬರೋಣು.” ಈ ಸಲ ಗುಳಿಗೆ ಡಬ್ಬಿ ಜೇಬಿನಲ್ಲಿತ್ತು. ಅವ್ವನೂ ಹಿಂದೆ ಕೂತಳು. ಕುರಿಕೋಟಾ ದಾಟಿದ ಮೇಲೆ ರಸ್ತೆ ಖಾಲಿ ಇತ್ತು, ಆದರೂ ನಾನು ಮೂರು ಸಾವಿರ ಸುತ್ತು ದಾಟಿಸಲಿಲ್ಲ. ಅತ್ತೆಯ ಮನೆ ಮುಂದೆ ಬೇವಿನ ನೆರಳು ಖಾಲಿ ಇತ್ತು. ಅದನ್ನು ಬಿಟ್ಟು ಬಯಲಲ್ಲೇ, ಬಿಸಿಲಿಗೆ ಮುಖ ಮಾಡಿ ಗಾಡಿ ನಿಲ್ಲಿಸಿ ಗಾಜು ಏರಿಸಿದೆ.

ಎರಡೂವರೆಗೆ ಹೊರಟೆವು. ಅತ್ತೆ ಬಾಗಿಲಲ್ಲಿ ನಿಂತು ಬಾಳೆಯ ರೇಟು ಹೇಳುತ್ತಿದ್ದರು, ಅವ್ವ ಕಿಟಕಿಯಿಂದಲೇ ಚೌಕಾಶಿ ಮಾಡುತ್ತಿದ್ದಳು. ನಾನು ಕೀಲಿ ಹಾಕಿದೆ. ಅಪ್ಪ ಕೈ ಎತ್ತಿ, “ಒಂದ್ ನಿಮಿಷ ಸುಮ್ನಿರ್ರಿ ಇಬ್ರೂ” ಅಂದರು. ಕುತ್ತಿಗೆ ಹಿಂದಕ್ಕೆ ತಿರುಗಿಸಿ ಕಿವಿಗೊಟ್ಟರು. ನಾನು ಕೀಲಿ ಆನ್ ಮಾಡಿದೆ.

ಝುಂಯ್.

“ಹೂಂ, ಬಂತು. ನಡೀ ಇನ್ನ” ಅಂದರು ಅಪ್ಪ, ಸೀಟ್ ಬೆಲ್ಟ್ ಎಳೆದುಕೊಳ್ಳುತ್ತ.